ಅಳತೆಗಳಿಗೆ ಬೀಗ ಬೇಡ ಅಂದವಳು

ನನ್ನ ಸೊಸೆ ಮೂರು ಸಲ ಹೇಳಿದ್ದಳು. ಮೂರು ಸಲವೂ ನಾನು ಬೇಡ ಅಂದೆ. ಮೊದಲನೇ ಸಲ ತಿಳಿಯದೆ, ಎರಡನೇ ಸಲ ಹಟಕ್ಕೆ, ಮೂರನೇ ಸಲ ಕಣ್ಣಾರೆ ನೋಡಿದ ಮೇಲೂ. ಮೊದಲ ಎರಡನ್ನು ಯಾರ ಮುಂದೆ ಬೇಕಾದರೂ ನಗುತ್ತ ಹೇಳಬಲ್ಲೆ. ಮೂರನೆಯದಕ್ಕೆ ಬಂದಾಗ ಎದ್ದು ಹೋಗಿ ನೀರು ಕುಡಿದು ಬರುತ್ತೇನೆ. ಈಗಲೂ ಹಾಗೇ ಮಾಡಿ ಬಂದು ಬರೆಯಲು ಕೂತಿದ್ದೇನೆ.

ಬೀದರದ ಹಳೇ ಊರಿನ ಒಂದು ಓಣಿಯಲ್ಲಿ ಮೂವತ್ತು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ನಮ್ಮ ಕಡೆ ಹಳಬರು ಅದಕ್ಕೆ ಜಂಪರ್ ಅನ್ನುತ್ತಾರೆ, ನನ್ನ ಬಾಯಲ್ಲೂ ಅದೇ ಬರುತ್ತದೆ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಮೆಷಿನ್, ಕತ್ತರಿಸುವ ಮೇಜು. ಅದರ ಹಿಂದೆ ದಪ್ಪ ಪರದೆ ಹಾಕಿದ ಸಣ್ಣ ಜಾಗ. ಅಳತೆ ತೆಗೆಯುವುದು ಅಲ್ಲಿ. ಬೇರೆ ಟೇಲರ್‌ಗಳಲ್ಲಿ ಒಬ್ಬರು ಟೇಪು ಹಿಡಿದು ಕೂಗುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಹೊರಗೆ ಬೆಂಚಿನ ಮೇಲೆ ಕೂತ ಗಂಡಸರಿಗೂ ಅದು ಕೇಳುತ್ತದೆ. ನನ್ನಲ್ಲಿ ಆ ಪದ್ಧತಿ ಇಲ್ಲ. ಎದೆ, ಸೊಂಟ, ಹೆಗಲು, ತೋಳು, ಬೆನ್ನು, ಕುತ್ತಿಗೆ, ಆರನ್ನೂ ಬಾಯಿಮುಚ್ಚಿ ತೆಗೆದು, ತಲೆಯಲ್ಲಿಟ್ಟುಕೊಂಡು, ಹೊರಗೆ ಬಂದು ಪುಸ್ತಕದಲ್ಲಿ ನಾನೇ ಬರೆಯುತ್ತೇನೆ. ಕೆಲಸ ಕಲಿಯಲು ಬಂದ ಒಬ್ಬಳು ಒಮ್ಮೆ ಪರದೆಯೊಳಗಿಂದ ಒಂದು ಸಂಖ್ಯೆ ಕೂಗಿದ್ದಕ್ಕೆ ಟೇಪು ಕಸಿದುಕೊಂಡು ಒಂದು ವಾರ ಬರೀ ಹುಕ್ಸ್ ಹಚ್ಚುವ ಕೆಲಸ ಕೊಟ್ಟಿದ್ದೆ. ಹೆಣ್ಣುಮಕ್ಕಳ ಅಳತೆ ಅಂದರೆ ಅವರ ಮಾನ ಅಂತ ಆಕೆಗೆ ಭಾಷಣ ಬಿಗಿದಿದ್ದೆ. ಆ ಭಾಷಣ ನೆನಪಾದರೆ ಈಗ ನನ್ನ ಕಿವಿ ಬಿಸಿಯಾಗುತ್ತದೆ.

ಸೊಸೆ ಭಾಲ್ಕಿ ತಾಲೂಕಿನ ಮೆಹಕರದವಳು. ಮನೆಯಲ್ಲಿ ಮರಾಠಿ, ಸಾಲಿಯಲ್ಲಿ ಕನ್ನಡ, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿತು ಬಂದವಳು. ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ ಅಂತ ನಾನು ಕಾಡುತ್ತಿದ್ದೆ. ನಿಮಗೆ ಫೋನಿನಲ್ಲಿ ಒಂದು ಹೆಸರು ಸೇವ್ ಮಾಡಲು ಬರುವುದಿಲ್ಲವಲ್ಲ ಅಂತ ಅವಳು ತಿರುಗಿಸುತ್ತಿದ್ದಳು. ಮದುವೆಯಾಗಿ ಒಂದು ವರ್ಷಕ್ಕೆ ಅವಳೇ ನನ್ನ ಅಂಗಡಿಗೆ ವೆಬ್‌ಸೈಟ್ ಮಾಡಿದಳು. ನನ್ನ ಗಿರಾಕಿಗಳಲ್ಲಿ ಅರ್ಧದಷ್ಟು ಜನ ನೌಕರಿ ಮಾಡುವವರು. ವರ್ಗ ಆಗಿ ಔರಾದಿಗೆ, ಭಾಲ್ಕಿಗೆ, ಇನ್ನೂ ದೂರಕ್ಕೆ ಹೋದವರು. ಅಲ್ಲಿಯವರೆಗೆ ಅವರು ಅಳತೆಯ ಹಳೇ ಬ್ಲೌಸನ್ನೂ ಹೊಸ ಬಟ್ಟೆಯನ್ನೂ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದರು. ಈಗ ಒಬ್ಬೊಬ್ಬರಿಗೂ ಸೈಟಿನಲ್ಲಿ ಒಂದು ಖಾತೆ. ಒಳಗೆ ಹೋದರೆ ಅವರ ಅಳತೆ, ಕುತ್ತಿಗೆಯ ಡಿಸೈನ್, ಬ್ಲೌಸ್ ಯಾವತ್ತು ತಯಾರಾಗುತ್ತದೆ ಎಲ್ಲ ಕಾಣುತ್ತದೆ. ಬಟ್ಟೆ ಮಾತ್ರ ಕಳಿಸಿದರೆ ಸಾಕು.

ಪುಸ್ತಕದಲ್ಲಿದ್ದುದನ್ನು ಮಧ್ಯಾಹ್ನ ಊಟವಾದ ಮೇಲೆ ನಾನು ಓದುತ್ತ ಹೋದೆ, ಅವಳು ಟೈಪ್ ಮಾಡುತ್ತ ಹೋದಳು. ಅಳತೆಯ ಕೆಳಗೆ ನಾನು ನನ್ನ ಭಾಷೆಯಲ್ಲಿ ಗುರುತು ಬರೆದುಕೊಂಡಿರುತ್ತೇನೆ. ಬಲ ಹೆಗಲು ಜಾರು. ಬೆನ್ನು ಗೂನು. ಹೊಟ್ಟೆ ಮುಚ್ಚಬೇಕು. ತೋಳಿನ ಕಲೆ ಕಾಣಬಾರದು.

"ಅತ್ತಿ, ಇವೆಲ್ಲ ಹಾಕಬೇಕೇನ್ರಿ?" ಅಂತ ಕೇಳಿದಳು.

"ಹಾಕಲಿಲ್ಲಂದ್ರ ಜಂಪರ್ ಹ್ಯಾಂಗ ಕೂಡ್ತದ? ನಾಳಿ ನಾ ಇಲ್ಲಂದ್ರ ನೀ ಹೊಲಿಸಬೇಕಲ್ಲ," ಅಂದೆ. ಅವಳು ಹಾಕಿದಳು.

ಮೊದಲು ಒಂದಿಷ್ಟು ದಿನ ಎಲ್ಲರಿಗೂ ಅದೊಂದು ತಮಾಷೆ. ಪಾಸ್‌ವರ್ಡ್ ಮರೆತವರು ನನಗೆ ಫೋನ್ ಮಾಡುವುದು, ನಾನು ಪಟ್ಟಿ ನೋಡಿ ಓದಿ ಹೇಳುವುದು. ಒಬ್ಬಳದು ಅವಳ ಎಮ್ಮೆಯ ಹೆಸರು. ಕಮಠಾಣದ ಒಬ್ಬಳದು ಅತ್ತೆಗೆ ಇಟ್ಟ ಅಡ್ಡಹೆಸರು, ಅದನ್ನು ನಾನು ಓದಿ ಹೇಳುವಾಗ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಆ ಪಟ್ಟಿ ನನಗೆ ಕಾಣುವುದೇ ತಪ್ಪು ಅಂತ ಆಗ ಹೊಳೆಯಲಿಲ್ಲ.

ಆ ದಿನಗಳಲ್ಲೇ ಸೊಸೆ ಮೊದಲ ಸಲ ಹೇಳಿದ್ದು. ಸೈಟಿಗೆ ಎನ್‌ಕ್ರಿಪ್ಶನ್ ಇಲ್ಲ, ಬೀಗ ಹಾಕಿಸಬೇಕು ಅಂದಳು. ಇಂಟರ್‌ನೆಟ್‌ನಲ್ಲಿ ನಮ್ಮ ಸೈಟಿಗೆ ಬಾಡಿಗೆ ಜಾಗ ಕೊಟ್ಟವನು ಹಳೇ ರೀತಿಯಲ್ಲಿ ಕೂಡಿಸಿ ಕೊಟ್ಟಿದ್ದಾನೆ, ಬದಲಿಸಬೇಕು ಅಂದಳು.

"ಸೈಟಿನ್ಯಾಗ ರೊಕ್ಕ ಅದ ಏನು?" ಅಂತ ಕೇಳಿದೆ.

"ಇಲ್ರಿ. ರೊಕ್ಕ ಎಲ್ಲಾರೂ ಜಂಪರ್ ತಗೊಂಡ ಮ್ಯಾಲೇ ಕೊಡ್ತಾರ."

"ಮತ್ತ ಬೀಗ ಯಾತಕ್ಕ? ಖಾಲಿ ಕಪಾಟಿಗಿ ಯಾರರ ಬೀಗ ಹಾಕ್ತಾರೇನು?"

ನನ್ನ ಮಾತಿಗೆ ನಾನೇ ಖುಷಿಪಟ್ಟೆ. ಆ ಕಪಾಟಿನಲ್ಲಿ ಮುನ್ನೂರು ಹೆಣ್ಣುಮಕ್ಕಳ ಮೈ ಇತ್ತು. ಅದು ನನಗೆ ಖಾಲಿ ಅನ್ನಿಸಿತ್ತು.

ಎರಡನೇ ಸಲ ಗಿರಾಕಿಗಳ ಮುಂದೆ ಆಯಿತು. ಭಾಲ್ಕಿಯಿಂದ ಬಂದ ಒಬ್ಬರು, ನಿಮ್ಮ ಸೈಟ್ ತೆಗೆದರೆ ಮೇಲೆ ನಾಟ್ ಸೆಕ್ಯೂರ್ ಅಂತ ಬರುತ್ತದಲ್ಲ, ಯಾಕ್ರಿ ಅಂತ ಕೇಳಿದರು. ಮೊಬೈಲುಗಳಿಗೆ ಅದೊಂದು ಚಟ, ಎಲ್ಲದಕ್ಕೂ ಹೆದರಿಸುತ್ತವೆ ಅಂದೆ. ಸೊಸೆ ಒಳಗಿಂದ ಬಂದು, ಇಲ್ಲರಿ, ಅದು ಖರೇನೇ ಹೇಳುತ್ತದೆ ಅಂತ ವಿವರಿಸಲು ಶುರು ಮಾಡಿದಳು. ನನ್ನ ಅಂಗಡಿಯಲ್ಲಿ, ನನ್ನ ಗಿರಾಕಿಯ ಮುಂದೆ, ನನ್ನ ಮಾತನ್ನು ಸುಳ್ಳು ಮಾಡಿದಳಲ್ಲ ಅಂತ ಮೈಯೆಲ್ಲ ಉರಿಯಿತು. ನೀ ನಿನ್ನೆ ಬಂದಾಕಿ, ಈ ಅಂಗಡಿ ನಡೆಸುವುದು ನನಗೆ ಕಲಿಸಬೇಡ ಅಂದುಬಿಟ್ಟೆ. ಬಂದವರು ನೆಲ ನೋಡಿದರು. ಸೊಸೆ ಒಳಗೆ ಹೋದಳು. ಬೀಗ ಹಾಕಿಸುವುದು ಅಂದರೆ ಇನ್ನು ಸೊಸೆಗೆ ಸೋಲುವುದು ಅಂತ ಅವತ್ತೇ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಮೂರನೇ ಸಲ ಅವಳು ಮಾತಾಡಲಿಲ್ಲ, ತೋರಿಸಿದಳು. ಲಗ್ನದ ಸೀಸನ್ ಶುರುವಾಗಿತ್ತು, ಮೇಜಿನ ಮೇಲೆ ಬಟ್ಟೆಗಳ ರಾಶಿ. ಒಂದು ಮಧ್ಯಾಹ್ನ ಮೇಜಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ನೀವು ಅಡುಗೆಮನೆಗೆ ಹೋಗಿ ಫೋನಿನಲ್ಲಿ ನಿಮ್ಮ ಖಾತೆ ತೆಗೆಯಿರಿ ಅಂದಳು. ಮಾದರಿಗೆ ಅಂತ ನನ್ನದೇ ಒಂದು ಖಾತೆ ಮಾಡಿದ್ದೆವು. ಫೋನೂ ಲ್ಯಾಪ್‌ಟಾಪೂ ಮನೆಯ ಒಂದೇ ವೈಫೈ ಮೇಲಿದ್ದವು. ನಾನು ಪಾಸ್‌ವರ್ಡ್ ಒತ್ತಿದೆ. ಪುಟ ತೆರೆಯಿತು. ಆಚೆ ಕೋಣೆಯಿಂದ ಅವಳ ದನಿ ಕೇಳಿತು. ನಾನು ಒತ್ತಿದ ಪಾಸ್‌ವರ್ಡನ್ನು ಅಕ್ಷರ ಅಕ್ಷರ ಓದಿದಳು. ಆಮೇಲೆ ನನ್ನ ಎದೆಯ ಅಳತೆ ಓದಿದಳು. ಸೊಂಟ ಓದಿದಳು. ಕೊನೆಗೆ, "ಹೊಟ್ಟಿ ಮುಚ್ಚಬೇಕು," ಅಂತ ಓದಿದಳು. ನನ್ನದೇ ಮೈಯ ಅಳತೆ ಪರದೆಯ ಹೊರಗೆ ಕೇಳಿದ್ದು ಅದೇ ಮೊದಲು.

ನಾನು ಓಡಿಬಂದು ಮೆಲ್ಲಗೆ ಓದು ಅಂದೆ. ಹೊರಗೆ ಯಾರೂ ಇರಲಿಲ್ಲ.

"ನಾ ನಿಮ್ಮ ಫೋನ್ ಮುಟ್ಟಿಲ್ರಿ ಅತ್ತಿ," ಅಂದಳು. "ಇದ ವೈಫೈ ಮ್ಯಾಲ ಯಾರರ ಕೂತಿದ್ರ ಅವರಿಗೂ ಹಿಂಗೇ ಕಾಣಸ್ತದ. ಅಳತಿ ಜಂಪರ್ ಪೇಪರಿನ್ಯಾಗ ಸುತ್ತದೇ ಕಂಡಕ್ಟರ್ ಕೈಯಾಗ ಕೊಟ್ಟಂಗ ಆಗ್ಯಾದ ನಮ್ದು. ಹಾದಿ ತುಂಬ ಮಂದಿ ನೋಡ್ಬಹುದು. ಬೀಗ ಹಾಕಿದ್ರ ಸುತ್ತಿ ಕಳಿಸಿದಂಗ."

ಅರ್ಥವಾಯಿತು. ಇಷ್ಟು ಚೆನ್ನಾಗಿ ಯಾರೂ ನನಗೆ ಏನನ್ನೂ ತಿಳಿಸಿ ಹೇಳಿರಲಿಲ್ಲ. ಎಷ್ಟು ಹೊತ್ತಿನ ಕೆಲಸ ಅಂತ ಕೇಳಿದೆ. ಒಂದು ದಿನ ಸೈಟ್ ಬಂದ್ ಆಗಬಹುದು ಅಂದಳು. ಆ ಮಾತು ಸಿಕ್ಕಿದ್ದೇ ಸಾಕಾಯಿತು ನನಗೆ. ಲಗ್ನದ ಸೀಸನ್‌ನಲ್ಲಿ ಅಂಗಡಿ ಮುಚ್ಚುತ್ತಾರೇನು, ಸೀಸನ್ ಮುಗಿಯಲಿ, ಆಮೇಲೆ ನೋಡೋಣ ಅಂದೆ. ನನ್ನ ಹೊಟ್ಟೆಯ ಮಾತು ಗಟ್ಟಿಯಾಗಿ ಓದಿದ್ದಕ್ಕೆ ನನಗೆ ಅವಳ ಮೇಲೆ ಸಿಟ್ಟೂ ಇತ್ತು. ಉಳಿದ ಮುನ್ನೂರು ಜನರ ನೆನಪು ಒಂದು ಗಳಿಗೆಗೂ ಬರಲಿಲ್ಲ. ಅವಳು ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋದಳು.

ಇಲ್ಲಿ ಔರಾದಿನ ಟೀಚರ್ ವಿಷಯ ಹೇಳಬೇಕು.

ಅವರು ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು, ನಲವತ್ತು ದಾಟಿದವರು, ಆರು ವರ್ಷದ ಗಿರಾಕಿ. ಮೂರು ವರ್ಷದ ಹಿಂದೆ ಅವರ ಎಡಗಡೆಯ ಮೊಲೆಯನ್ನು ಹೈದರಾಬಾದಿನಲ್ಲಿ ಆಪರೇಷನ್ ಮಾಡಿ ತೆಗೆದರು. ಹೊರಗಿನವರಿಗೆ ಹೊಟ್ಟೆಯ ಆಪರೇಷನ್ ಅಂತ ಹೇಳಿದ್ದರು. ಗೊತ್ತಿದ್ದದ್ದು ಡಾಕ್ಟರಿಗೆ, ಗಂಡನಿಗೆ, ನೆಗೆಣ್ಣಿಗೆ ಮತ್ತು ನನಗೆ. ನೆಗೆಣ್ಣಿ ಅಂದರೆ ಅವರ ಮೈದುನನ ಹೆಂಡತಿ. ಇಬ್ಬರದೂ ಒಂದೇ ಮನೆ, ಒಂದೇ ಅಡುಗೆ. ಆಪರೇಷನ್ ಆದಮೇಲೆ ಗಾಯ ತೊಳೆದವಳು, ತಲೆ ಬಾಚಿದವಳು, ರಾತ್ರಿಯ ಜ್ವರಕ್ಕೆ ಪಕ್ಕದಲ್ಲಿ ಕೂತವಳು ಆಕೆ. ಗಂಡ ಕೂಡ ಗಾಯ ನೋಡಲು ಹೆದರುತ್ತಿದ್ದ ಅಂತ ಟೀಚರ್ ಒಮ್ಮೆ ನನಗೆ ಹೇಳಿದ್ದರು. ಆಕೆ ಮಾತ್ರ ಹೆದರಲಿಲ್ಲ.

ಮತ್ತೆ ಸೀರೆ ಉಡುವ ಹೊತ್ತಿಗೆ ಇಬ್ಬರೂ ನನ್ನಲ್ಲಿಗೆ ಬಂದರು. ಪರದೆಯೊಳಗೆ ಮೂವರೂ ನಿಂತೆವು. ಟೀಚರ್ ಸೆರಗು ತೆಗೆಯಲು ತಡಮಾಡಿದರು. ನಾನು ಎಡಗಡೆ ಅಸ್ತರದೊಳಗೆ ಹತ್ತಿ ತುಂಬಿ ಹೊಲಿಯುತ್ತೇನೆ ಅಂದೆ. ಅದಕ್ಕೆ ಏನೆಂದು ಕರೆಯುವುದು ಅಂತ ತಿಳಿಯದೆ, ಹಾಸಿಗೆಗೆ ಹೇಳುವ ಹಾಗೆ, "ಎಡಕ ಒಂದು ಗಾದಿ ಇಡೋಣರಿ," ಅಂದುಬಿಟ್ಟೆ. ನೆಗೆಣ್ಣಿ, "ಗಾದಿ ಇಟ್ಟ ಮ್ಯಾಲ ಒರಗ್ಲಿಕ್ಕ ಲೋಡೂ ಇಡ್ರಿ, ನಮ್ಮಕ್ಕ ನವಾಬರಂಗ ಕೂಡ್ತಾಳ," ಅಂದಳು. ಟೀಚರ್ ಮೊದಲು ಅವಳ ಮುಖ ನೋಡಿದರು, ಆಮೇಲೆ ನಗಲು ಶುರು ಮಾಡಿದರು. ನಗುತ್ತ ನಗುತ್ತಲೇ ಅಳತೆ ಕೊಟ್ಟರು. ಆಮೇಲೆ ನಮ್ಮ ಮೂವರಲ್ಲಿ ಅದು ಗಾದಿಯೇ ಆಯಿತು. ಪುಸ್ತಕದಲ್ಲೂ ಹಾಗೇ ಬರೆದೆ. ಸೈಟಿನಲ್ಲೂ ಅದೇ ಹೋಯಿತು; ಆ ಸಾಲನ್ನು ಮಾತ್ರ ಬಾಯಿಬಿಟ್ಟು ಓದದೆ ಸೊಸೆಗೆ ಪುಸ್ತಕ ತೋರಿಸಿದ್ದೆ, ಅರ್ಥ ಅವಳು ಕೇಳಲಿಲ್ಲ. ಎಡಕ್ಕೆ ಗಾದಿ, ಆಪರೇಷನ್.

ಸೊಸೆ ನನಗೆ ತೋರಿಸಿದ ವಾರವೇ ಟೀಚರ್‌ಗೆ ಬೀದರದಲ್ಲಿ ಮೂರು ದಿನದ ತರಬೇತಿ ಇತ್ತು. ಬೇರೆ ಬೇರೆ ಶಾಲೆಗಳಿಂದ ಐವತ್ತು ಅರವತ್ತು ಜನ ಒಂದು ಸಭಾಂಗಣದಲ್ಲಿ ಸೇರಿದ್ದರು. ಎಲ್ಲರಿಗೂ ಒಂದೇ ವೈಫೈ. ತರಬೇತಿ ಮುಗಿದ ಮರುದಿನ ಬೆಳಿಗ್ಗೆ ಅವರು ನನ್ನ ಅಂಗಡಿಗೆ ಬಂದರು. ಬ್ಲೌಸ್ ಕೇಳಲಿಲ್ಲ. ಪರದೆಯ ಹಿಂದೆ ಹೋಗಿ ನಿಂತು ನನ್ನನ್ನು ಕರೆದರು.

"ಅಕ್ಕಾರ, ನೀವು ಯಾರಿಗರ ಹೇಳೀರೇನ್ರಿ?"

"ಏನ್ರಿ ಟೀಚರ್?"

"ನನ್ನ ಜೊತಿಗಿ ಕೆಲಸಾ ಮಾಡೋ ಟೀಚರ್ ಬಾಯಿ ಒಬ್ರು ನಿನ್ನಿ ಊಟದಾಗ ಕೇಳಿದ್ರು. ನಿಮಗ ಎಡಕ ಗಾದಿ ಅದ ಅಂತಲ್ಲ, ಖರೇನ ಅಂತ. ಹಿಂದಿನ ಸಾಲಿನ್ಯಾಗ ಕೂತ ಗಂಡಸ್ರು ಎರಡು ದಿನದಿಂದ ಅದನ್ನೇ ಆಡ್ಲಿಕ್ಕ ಹತ್ಯಾರಂತ. ಬೋರ್ಡ್ ಮ್ಯಾಲ ಲೆಕ್ಕ ಬಿಡಸ್ಲಿಕ್ಕ ನನ್ನ ಕರದ್ರ ನಗ್ತಿದ್ರು. ಯಾಕಂತ ನನಗ ತಿಳೀಲಿಲ್ಲ. ಗಾದಿ ಅಂತ ಅನ್ನೋದು ನಮ್ಮ ಮೂವರಿಗೇ ಗೊತ್ತದ. ನಾನು, ನೀವು, ನಮ್ಮ ಮನ್ಯಾಗ ಆಕಿ."

 "ನಾ ಯಾರಿಗೂ ಹೇಳಿಲ್ಲರಿ. ದೇವರ ಮುಂದ ಹೇಳ್ತೇನಿ," ಅಂದೆ. ಅದು ಸುಳ್ಳಲ್ಲ. ಬಾಯಿಂದ ನಾನು ಯಾರಿಗೂ ಹೇಳಿರಲಿಲ್ಲ.

ಅವರು ಆಮೇಲೆ ಕೇಳಿದರು. "ನಿಮ್ಮ ಸೈಟಿನ್ಯಾಗ ಬರದೀರಲ್ಲ, ಅದು ಯಾರಿಗರ ಕಾಣಸ್ತದೇನ್ರಿ? ಮೊನ್ನಿ ಮಧ್ಯಾಹ್ನ ಜಂಪರ್ ತಯಾರಾತೇನಂತ ಅಲ್ಲೇ ಕೂತು ತಗದು ನೋಡಿದ್ದೆ."

ಆ ಗಳಿಗೆಯಲ್ಲಿ ನನಗೆ ಎಲ್ಲ ಗೊತ್ತಾಯಿತು. ಯಾರೋ ಒಬ್ಬ ಹೊತ್ತು ಹೋಗದವನು ಆ ವೈಫೈ ಮೇಲೆ ಯಾರು ಏನು ನೋಡುತ್ತಾರೆ ಅಂತ ಇಣುಕುತ್ತ ಕೂತಿದ್ದಾನೆ. ಅವನು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಸೊಸೆ ನನಗೆ ಓದಿ ಹೇಳಿದ ಹಾಗೆಯೇ ಅವನು ಪಕ್ಕದವನಿಗೆ ಓದಿ ಹೇಳಿದ್ದಾನೆ. ನಾಲ್ಕು ದಿನದ ಹಿಂದೆ ನನ್ನ ಕಣ್ಣಿಂದ ನೋಡಿದ್ದೆ. ಹೌದು ಅನ್ನಬೇಕಿತ್ತು. ಎರಡು ಅಕ್ಷರ ನುಡಿದಿದ್ದರೆ ಮುಗಿಯುತ್ತಿತ್ತು.

"ಇಲ್ರಿ ಟೀಚರ್. ಅದಕ್ಕ ಪಾಸ್‌ವರ್ಡ್ ಅದಲ್ಲ. ಅದು ಬರೋಬರ್ ಬಂದೋಬಸ್ತ್ ಅದ," ಅಂದೆ.

ಅಷ್ಟಕ್ಕೇ ನಿಲ್ಲಲಿಲ್ಲ ನಾನು. ಅವರು ಇನ್ನೂ ನನ್ನ ಮುಖ ನೋಡುತ್ತಿದ್ದರು, ಆ ನೋಟವನ್ನು ಬೇರೆ ಕಡೆ ತಿರುಗಿಸಬೇಕಿತ್ತು. "ಮನಿ ಅಂದ ಮ್ಯಾಲ ನಾಕು ಮಂದಿ ಬಂದು ಹೋಗ್ತಾರ. ಬೇಕಂತಲೇ ಯಾರೂ ಹೇಳಂಗಿಲ್ಲರಿ. ಮಾತಿನ್ಯಾಗ ಮಾತು ಬಾಯಿ ಜಾರ್ತದ," ಅಂದೆ. ಯಾರ ಬಾಯಿ ಅಂತ ನಾನು ಹೇಳಲಿಲ್ಲ. ಮೂವರಲ್ಲಿ ಇಬ್ಬರು ಪರದೆಯ ಹಿಂದೆ ನಿಂತಿದ್ದೆವು, ಉಳಿದವಳು ಒಬ್ಬಳೇ. ಟೀಚರ್ ಕಣ್ಣಲ್ಲಿ ನೀರು ಬಂತು. ತಯಾರಿದ್ದ ಬ್ಲೌಸನ್ನೂ ತೆಗೆದುಕೊಳ್ಳದೆ ಹೋದರು.

ಮೇಜಿನ ಹತ್ತಿರ ಸೊಸೆ ನಿಂತಿದ್ದಳು. ಪರದೆಯ ಈಚೆ ಮಾತು ಬರುವುದಿಲ್ಲ ಅಂತ ನನಗೆ ಮೂವತ್ತು ವರ್ಷದ ಹೆಮ್ಮೆ. ಅವಳಿಗೆ ಎಲ್ಲ ಕೇಳಿಸಿತ್ತು. ಲ್ಯಾಪ್‌ಟಾಪ್ ತೆಗೆದುಕೊಂಡು ಕೂತಳು. ನನ್ನ ಅಪ್ಪಣೆ ಕೇಳಲಿಲ್ಲ. ನಾನು ಎರಡು ತೋಳು ಕತ್ತರಿಸಿ, ಒಂದು ಕುತ್ತಿಗೆಗೆ ಪಟ್ಟಿ ಕೂಡಿಸುವಷ್ಟರಲ್ಲಿ, "ಆಯ್ತರಿ," ಅಂದಳು. ಫೋನಿನಲ್ಲಿ ಸೈಟಿನ ಹೆಸರಿನ ಪಕ್ಕ ಸಣ್ಣ ಬೀಗ ಬಂದಿತ್ತು. ಪಾಸ್‌ವರ್ಡುಗಳ ಪಟ್ಟಿಯೂ ಇನ್ನು ಯಾರಿಗೂ, ನನಗೂ, ಕಾಣದ ಹಾಗೆ ಮಾಡಿದ್ದಳು. ಒಂದು ದಿನ ಬಂದ್ ಆಗಬಹುದು ಅಂದಿದ್ದ ಸೈಟ್ ಒಂದೂವರೆ ತಾಸೂ ಬಂದ್ ಆಗಲಿಲ್ಲ. ಗಿರಾಕಿಗಳಲ್ಲಿ ಒಬ್ಬರಿಗೂ ಗೊತ್ತೇ ಆಗಲಿಲ್ಲ.

ಅದಾದ ಮೇಲೆ ಅವಳು ವಾರಕ್ಕೊಮ್ಮೆ ಒಂದೇ ಮಾತು ಕೇಳುತ್ತಿದ್ದಳು. "ಔರಾದಿಗಿ ಯಾವಾಗ ಹೋಗ್ತೀರಿ?" ನಾನು ಸೀಸನ್ ಅನ್ನುತ್ತಿದ್ದೆ. ಸೀಸನ್ ಮುಗಿದ ಮೇಲೆ ಮಳೆ ಅಂದೆ. ಮಳೆ ನಿಂತ ಮೇಲೆ ಮೊಣಕಾಲು ಅಂದೆ. ಒಳಗೊಳಗೆ ನಾನು ಲೆಕ್ಕ ಹಾಕಿದ್ದು ಬೇರೆ. ಅಕ್ಕ ತಂಗಿಯರ ಹಾಗೆ ಇದ್ದವರು, ಎರಡು ದಿನ ಮುಖ ತಿರುಗಿಸಿಕೊಂಡು ಆಮೇಲೆ ಸರಿಹೋಗುತ್ತಾರೆ, ನಾನು ಹೋಗಿ ಯಾಕೆ ಕೆದಕಲಿ ಅಂತ ನನಗೆ ನಾನೇ ಹೇಳಿಕೊಂಡೆ. ನನ್ನ ಹೆದರಿಕೆ ಅಂಗಡಿಯದು. ಒಬ್ಬರಿಗೆ ಗೊತ್ತಾದರೆ ಮುನ್ನೂರು ಜನರಿಗೂ ಗೊತ್ತಾಗುತ್ತದೆ, ಅಳತೆ ಬಾಯಿಬಿಡದವಳು ಅಂತ ಕಟ್ಟಿಕೊಂಡ ಹೆಸರು ಮಣ್ಣುಪಾಲಾಗುತ್ತದೆ. ಹೇಡಿತನಕ್ಕೆ ನಾನು ಇಟ್ಟುಕೊಂಡಿದ್ದ ಹೆಸರು ವ್ಯವಹಾರ.

ದಸರೆಯ ಹೊತ್ತಿಗೆ ಔರಾದಿನಿಂದ ಇನ್ನೊಬ್ಬ ಗಿರಾಕಿ ಬಂದರು. ಅವರು ಟೀಚರ್ ಮನೆಯ ಓಣಿಯವರು. ಹೆಗಲ ಹತ್ತಿರ ಬಟ್ಟೆ ಹಿಡಿದು ಟಾಚಣಿ, ಅಂದರೆ ಗುಂಡುಸೂಜಿ, ಚುಚ್ಚುತ್ತಿದ್ದೆ, ಅವರು ಊರ ಸುದ್ದಿ ಹೇಳುತ್ತಿದ್ದರು. ಟೀಚರ್ ಮನೆ ಎರಡಾಯಿತಂತೆ. ಅಣ್ಣತಮ್ಮಂದಿರು ಜಗಳವಾಡಿದ್ದಲ್ಲ, ಹೆಂಗಸರದು. ಚಿಕ್ಕವರು ಗಂಟುಮೂಟೆ ಕಟ್ಟಿಕೊಂಡು ಭಾಲ್ಕಿಗೆ ಹೋಗಿ ಬಾಡಿಗೆ ಮನೆ ಹಿಡಿದರಂತೆ.

"ಸಣ್ಣಾಕಿದು ಬಾಯಿ ಸುಮ್ಮನಿರಲಿಲ್ಲಂತರಿ," ಅಂದರು. "ಮನಿ ಮಾತು ಹೊರಗ ಹಾಕಿದ್ಲಂತ. ಇಜ್ಜತ್ ತಗದ್ಲಂತ. ಆಕಿ ಅತ್ತು ಕರದು ಆಣಿ ಮಾಡಿದ್ರೂ ಟೀಚರ್ ಕೇಳಲಿಲ್ಲಂತ."

ನನ್ನ ತುಟಿಗಳ ನಡುವೆ ನಾಲ್ಕು ಟಾಚಣಿ ಇದ್ದವು. ಅವು ಇದ್ದದ್ದಕ್ಕೇ ಮಾತಾಡಲಿಲ್ಲ ಅಂತ ಯಾರಾದರೂ ತಿಳಿದುಕೊಳ್ಳಲಿ ಅನ್ನುವ ಹಾಗೆ ಅವನ್ನು ಬಾಯಲ್ಲೇ ಇಟ್ಟುಕೊಂಡು ನಿಂತೆ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತೆ. ಅವರು ಹೋದ ಮೇಲೂ ಸೊಸೆಗೆ ಆ ಸುದ್ದಿ ಹೇಳಲಿಲ್ಲ. ಅವಳಿಗೆ ಬೇರೆ ಕಡೆಯಿಂದ ಗೊತ್ತಾಯಿತು, ಅವಳ ತವರು ಭಾಲ್ಕಿ ತಾಲೂಕೇ ಅಲ್ಲವೇ.

ನಾನು ಕೊನೆಗೂ ಹೋದದ್ದು ನನ್ನ ಒಳ್ಳೆಯತನದಿಂದಲ್ಲ. ಒಂದು ದಿನ ಅಂಗಡಿಯಲ್ಲಿ ಒಂದು ಬಟ್ಟೆ ಕಾಣೆಯಾಗಿತ್ತು. ಯಾವುದೋ ರಾಶಿಯ ಕೆಳಗೆ ಸೇರಿರಬೇಕು, ಸಂಜೆ ಸಿಕ್ಕಿತು. ಆದರೆ ಗಿರಾಕಿಯ ಮುಂದೆ ನಾನು ತಟ್ಟನೆ, ನಮ್ಮ ಸೊಸೆ ಎಲ್ಲೋ ಎತ್ತಿಟ್ಟಿರಬೇಕು ಅಂದುಬಿಟ್ಟಿದ್ದೆ. ಅವಳು ಅದನ್ನು ಮುಟ್ಟಿಯೂ ಇರಲಿಲ್ಲ. ಗಿರಾಕಿ ಹೋದ ಮೇಲೆ ಅವಳು ಬಂದು ನನ್ನ ಎದುರಿಗೆ ಕೂತಳು. ಜಗಳವಾಡುತ್ತಾಳೆ ಅಂದುಕೊಂಡೆ.

"ಅತ್ತಿ, ಆ ಟೀಚರ್ ನೆಗೆಣ್ಣಿ ಮ್ಯಾಲ ತಪ್ಪು ಹಾಕಿದಂಗ ಒಂದಿನ ನನ್ನ ಮ್ಯಾಲನೂ ಹಾಕ್ತೀರೇನ್ರಿ?" ಅಂದಳು. ಸಿಟ್ಟಿನಿಂದ ಅಲ್ಲ. ತಿಳಿದುಕೊಳ್ಳಲು ಕೇಳಿದ ಹಾಗೆ ಕೇಳಿದಳು.

ಆ ಭಾನುವಾರ ಔರಾದ ಬಸ್ ಹತ್ತಿದೆ. ದಾರಿಯುದ್ದಕ್ಕೂ ಹೇಗೆ ಶುರು ಮಾಡುವುದು ಅಂತ ಮಾತು ಜೋಡಿಸಿದೆ. ಕಂಪ್ಯೂಟರಿನ ತಪ್ಪು ಅಂತ ಶುರು ಮಾಡಿದರೆ ಹೇಗೆ, ಸೈಟಿಗೆ ಜಾಗ ಕೊಟ್ಟವನ ತಪ್ಪು ಅಂದರೆ ಹೇಗೆ ಅಂತಲೂ ಯೋಚಿಸಿದೆ. ಅದೂ ಬರೆಯಬೇಕಾದ ಮಾತೇ. ತೊಗರಿಯ ಹೊಲಗಳು ಹೂಬಿಟ್ಟಿದ್ದವು, ನಾನು ಕಿಟಕಿಯಿಂದ ಅವನ್ನು ನೋಡುತ್ತ ಸುಳ್ಳುಗಳನ್ನು ಒಂದೊಂದಾಗಿ ಬಿಟ್ಟುಕೊಡುತ್ತ ಹೋದೆ.

ಟೀಚರ್ ಒಬ್ಬರೇ ಇದ್ದರು. ಗಂಡ ಹೊಲಕ್ಕೆ ಹೋಗಿದ್ದರು. ನೈಟಿ ಮೇಲೆ ದಪ್ಪನೆಯ ಓಢಣಿ ಹೊದ್ದುಕೊಂಡು ಬಾಗಿಲು ತೆಗೆದರು. ಮನೆಯಲ್ಲೂ ಈಗ ಓಢಣಿ ತೆಗೆಯುವುದಿಲ್ಲ ಅನ್ನಿಸಿತು. ಚಹಾ ಇಟ್ಟು ಬರುತ್ತೇನೆ ಅಂದರು. ಬೇಡ, ಮೊದಲು ಕೇಳಿರಿ ಅಂದೆ. ಹೇಳಿದೆ. ಸೈಟಿಗೆ ಬೀಗ ಇರಲಿಲ್ಲ, ಸೊಸೆ ಮೂರು ಸಲ ಹೇಳಿದ್ದಳು, ಅಡುಗೆಮನೆಯಲ್ಲಿ ನಿಂತು ನಾನೇ ಕಣ್ಣಾರೆ ನೋಡಿದ್ದೆ, ತರಬೇತಿಯ ವೈಫೈ ಮೇಲೆ ಯಾರೋ ಅದನ್ನೇ ನೋಡಿದ್ದಾರೆ, ನಿಮ್ಮ ನೆಗೆಣ್ಣಿಯದು ಒಂದಕ್ಷರದ ತಪ್ಪೂ ಇಲ್ಲ.

ಅವರು ಸೈಟಿನ ಬಗ್ಗೆ, ಬೀಗದ ಬಗ್ಗೆ ಏನೂ ಕೇಳಲಿಲ್ಲ.

"ಪರದಿ ಹಿಂದ ನಾ ಕೇಳಿದ ದಿನ, ನಿಮಗ ಗೊತ್ತಿತ್ತೇನ್ರಿ?"

ಆಗಲೂ ನಾಲಿಗೆಯ ತುದಿಗೆ ಇಲ್ಲ ಅನ್ನುವುದೇ ಮೊದಲು ಬಂತು. ಆಮೇಲೆ ಗೊತ್ತಾಯಿತು ಅಂದರೆ ಎಷ್ಟು ಹಗುರ. ಅದನ್ನು ನುಂಗಿಕೊಂಡೆ.

"ಗೊತ್ತಿತ್ತರಿ," ಅಂದೆ.

"ಹೇಳಿದ್ರ ಏನಾಗ್ತಿತ್ತು ನಿಮಗ?" ಅಂದರು. ದನಿ ಏರಲಿಲ್ಲ. "ನಾ ಎರಡು ಮಾತು ಬೈತಿದ್ದೆ. ನಿಮಗೊಂದು ಗಿರಾಕಿ ಹೋಗ್ತಿತ್ತು. ನನಗ ಆಕಿ ಹೋದ್ಲು."

ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ನನಗೆ ಅಳು ಬಂತು, ಅಳುವುದಕ್ಕೂ ನಾಚಿಕೆಯಾಯಿತು. ಅಳಬೇಕಾದವರು ಒಣಗಣ್ಣಲ್ಲಿ ಕೂತಿರುವಾಗ ನನ್ನ ಅಳು ಯಾರಿಗೆ ಬೇಕಿತ್ತು.

"ನನ್ನ ಫೋನ್ ಆಕಿ ಎತ್ತಂಗಿಲ್ಲ. ನಿಮ್ಮ ಫೋನಿಂದ ಮಾಡ್ರಿ. ನಂಗ ಹೇಳಿದಂಗೇ ಆಕಿಗೂ ಹೇಳ್ರಿ," ಅಂದರು. ನಂಬರ್ ಬಾಯಿಪಾಠವಾಗಿ ಹೇಳಿದರು. ಫೋನನ್ನು ಸ್ಪೀಕರ್ ಮೇಲೆ ಹಾಕಿ ನಮ್ಮಿಬ್ಬರ ನಡುವೆ ಇಟ್ಟರು.

ಭಾಲ್ಕಿಯಿಂದ ಆಕೆ ಎತ್ತಿದಳು. ಹಿಂದೆ ಕುಕ್ಕರ್ ಸಿಳ್ಳೆ ಹಾಕುತ್ತಿತ್ತು. ಯಾರು ಅಂತ ಹೇಳಿದೆ. ಆಮೇಲೆ ಉಳಿದದ್ದೆಲ್ಲ ಹೇಳಿದೆ, ಗೊತ್ತಿತ್ತು ಅನ್ನುವುದನ್ನೂ ಹೇಳಿದೆ. ಕುಕ್ಕರ್ ಮತ್ತೊಮ್ಮೆ ಕೂಗಿ ನಿಂತಿತು. ಆಕೆ ಒಲೆ ಆರಿಸಿರಬೇಕು.

"ಬಾಜೂಕ ಅಕ್ಕ ಅದಾಳೇನ್ರಿ?" ಅಂತ ಕೇಳಿದಳು.

"ಅದಾರರಿ."

"ಅಕ್ಕಾ," ಅಂದಳು. ದನಿ ಬೇರೆಯಾಯಿತು. "ಈ ಟೇಲರ್ ಬಾಯಿ ಒಂದು ಮಾತು ಆಡಿದ್ದು ನಿನಗ ಖರೆ ಅನಿಸ್ತು. ನಾ ಆರು ತಿಂಗಳು ನಿನ್ನ ಗಾಯ ತೊಳದೀನಿ. ನಾ ಆಣಿ ಮಾಡಿದ್ದು ಖರೆ ಅನಿಸಲಿಲ್ಲ."

ಫೋನ್ ಇಟ್ಟುಬಿಟ್ಟಳು.

ಸತ್ಯ ಹೇಳಿದರೆ ಎಲ್ಲ ಮೊದಲಿನಂತಾಗುತ್ತದೆ ಅಂತ ನಾನು ಬಸ್ಸಿನಲ್ಲಿ ಎಲ್ಲೋ ನಂಬಿಕೊಂಡಿದ್ದೆ. ಹಾಗಾಗಲಿಲ್ಲ. ನಾನು ತಡಮಾಡಿದ ತಿಂಗಳುಗಳಲ್ಲಿ ಅದು ನನ್ನ ಸುಳ್ಳಾಗಿ ಉಳಿದಿರಲಿಲ್ಲ. ಟೀಚರ್ ಅದನ್ನು ನಂಬಿದ್ದರು, ಆಡಬಾರದ ಮಾತು ಆಡಿದ್ದರು, ಅದು ಈಗ ಅವರಿಬ್ಬರ ನಡುವಿನದಾಗಿತ್ತು. ಮತ್ತೊಮ್ಮೆ ಫೋನ್ ಮಾಡಲೇ ಅಂದೆ. ಬೇಡ, ನಾನೇ ಭಾಲ್ಕಿಗೆ ಹೋಗುತ್ತೇನೆ, ಬಾಗಿಲು ತೆಗೆಯದಿದ್ದರೆ ಹೊರಗೆ ಕೂಡುತ್ತೇನೆ ಅಂದರು. ನನಗಿಂತ ಗಟ್ಟಿ ಹೆಂಗಸು.

ನಾನು ಎದ್ದೆ. ಬಾಗಿಲ ಹತ್ತಿರ ಹೋದಾಗ ಕರೆದರು.

"ನಂದೆಲ್ಲ ಅಳಿಸಿಬಿಡ್ರಿ. ಅಳತಿ, ಬರದದ್ದು, ಎಲ್ಲ. ಈಗೇ."

ಅಲ್ಲೇ ನಿಂತು ಫೋನಿನಲ್ಲಿ ಸೈಟ್ ತೆಗೆದೆ. ಹೆಸರಿನ ಪಕ್ಕ ಬೀಗ ಇತ್ತು. ಅವರ ಖಾತೆ ತೆಗೆದು, ಸೊಸೆ ಕಲಿಸಿದ ಹಾಗೆ ಒಂದೊಂದೇ ಒತ್ತಿ ಅಳಿಸಿದೆ. ಎರಡು ಸಲ ತಪ್ಪಿತು. "ಅಳಿಸೀನಿ ನೋಡ್ರಿ ಟೀಚರ್," ಅಂತ ಫೋನ್ ತೋರಿಸಿದೆ.

ಅವರು ಫೋನ್ ನೋಡಲಿಲ್ಲ. "ನಿಮ್ಮ ಸೊಸಿಗಿ ಫೋನ್ ಹಚ್ಚಿ ಕೊಡ್ರಿ," ಅಂದರು. "ಆಕಿ ಹೇಳಲಿ."

ಹಚ್ಚಿ ಕೊಟ್ಟೆ. ಟೀಚರ್ ಫೋನ್ ಕಿವಿಗಿಟ್ಟುಕೊಂಡು, ಎಲ್ಲ ಹೋಗಿದೆಯೇನವ್ವ, ಜರಾ ನೋಡಿ ಹೇಳು ಅಂದರು. ಬೀದರದಲ್ಲಿ ಅವಳು ಲ್ಯಾಪ್‌ಟಾಪ್ ತೆಗೆದು ನೋಡುವಷ್ಟು ಹೊತ್ತು ನಾವಿಬ್ಬರೂ ಬಾಗಿಲಲ್ಲಿ ನಿಂತಿದ್ದೆವು. ಅವಳ ಉತ್ತರ ನನಗೂ ಸಣ್ಣಗೆ ಕೇಳಿತು. "ಹೋಗ್ಯಾದರಿ ಟೀಚರ್. ನಾ ನೋಡೀನಿ."

"ಹ್ಞಾಂ, ನೀ ನೋಡಿದ್ರ ಆಯ್ತವ್ವ," ಅಂದರು. ಆರು ವರ್ಷ ನನ್ನ ಮುಂದೆ ಸೆರಗು ತೆಗೆದು ನಿಂತವರು, ತಮ್ಮ ಜೊತೆ ಎರಡು ಮಾತೂ ಆಡಿರದ ನನ್ನ ಸೊಸೆಯ ಮಾತನ್ನು ಒಂದೇ ಸಲಕ್ಕೆ ನಂಬಿದರು. ಫೋನನ್ನು ನನ್ನ ಕೈಗೆ ಕೊಡದೆ ಹೊರಗಿನ ಕಟ್ಟೆಯ ಮೇಲಿಟ್ಟು ಬಾಗಿಲು ಮುಂದಕ್ಕೆ ಮಾಡಿಕೊಂಡರು.